ಕುಂಟುವ ಹಕ್ಕು

ಕಾರಹುಣ್ಣಿಮೆಯ ದಿನ ನಮ್ಮ ಕಡೆ ಎತ್ತುಗಳನ್ನು ಓಡಿಸಿ ಕರಿ ಹರಿಯುವ ಸಂಪ್ರದಾಯವನ್ನು ಕುರಿತು ನಾನು ಹಿಂದೊಮ್ಮೆ ಬರೆದಿದ್ದೆ. ಅದನ್ನು ಓದಿದ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿ, "ಸಾರ್, ನಮ್ಮೂರಾಗ ಎತ್ತು ಓಡಿಸಿದ್ರ ಸುಪ್ರೀಂ ಕೋರ್ಟ್ ತನಕ ಕೇಸು ಹೋಗ್ತೈತಿ. ಇಲ್ಲಿ ಕುದುರಿಗೆ ಮದ್ದು ಕೊಟ್ಟು ಓಡಿಸಿದ್ರ ಕೇಳೋರು ಯಾರ್ರೀ?" ಎಂದು ಕೇಳಿದನು. ಎತ್ತುಗಳ ಓಟದ ವಿಷಯದಲ್ಲಿ ಅವನ ಮಾತು ನಿಜ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಿಷೇಧಿಸಿತು; 2017ರಲ್ಲಿ ನಮ್ಮ ರಾಜ್ಯ ಕಂಬಳಕ್ಕೂ ಎತ್ತಿನಗಾಡಿ ಓಟಕ್ಕೂ ಅವಕಾಶ ನೀಡುವ ತಿದ್ದುಪಡಿ ತಂದಿತು; 2023ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅವನ ಪ್ರಶ್ನೆಯ ಉತ್ತರಾರ್ಧಕ್ಕೆ ಫೋನಿನಲ್ಲಿ ಸಮಾಧಾನ ಹೇಳಲು ನನ್ನಿಂದಾಗಲಿಲ್ಲ. ಆದ್ದರಿಂದ ಈ ಬರಹ.

ಮೊದಲೇ ಹೇಳಿಬಿಡುತ್ತೇನೆ, ನಾನು ರೇಸಿನ ಅಭಿಮಾನಿಯಲ್ಲ. ಪಗಡೆಯಾಟದ ಪ್ರಸಂಗವನ್ನು ಪಾಠ ಮಾಡುವಾಗ ಜೂಜಿನ ಮೇಲೆ ಅರ್ಧ ಗಂಟೆ ಹರಿಹಾಯುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆದರೆ ಇಲ್ಲಿ ನನ್ನ ಚಿಂತೆ ಬಾಜಿ ಕಟ್ಟುವ ಮನುಷ್ಯನದಲ್ಲ. ಅವನು ಸೋಲಲಿ, ಗೆಲ್ಲಲಿ, ಅವನಿಗೆ ಬಾಯಿದೆ.

2017ರ ಮಾರ್ಚ್‌ನಲ್ಲಿ ಬೆಂಗಳೂರು ಟರ್ಫ್ ಕ್ಲಬ್ಬಿನ ಪಂದ್ಯವೊಂದರಲ್ಲಿ 'ಕ್ವೀನ್ ಲತೀಫಾ' ಎಂಬ ಹೆಣ್ಣು ಕುದುರೆ ಗೆದ್ದಿತು. ಅದರ ಮೂತ್ರದ ಮಾದರಿ ದೆಹಲಿಯ ರಾಷ್ಟ್ರೀಯ ಉದ್ದೀಪನ ಮದ್ದು ಪರೀಕ್ಷಾ ಪ್ರಯೋಗಾಲಯಕ್ಕೆ ಹೋದಾಗ ಅದರಲ್ಲಿ ಪ್ರೋಕೇನ್ ಎಂಬ ನಿಷಿದ್ಧ ಪದಾರ್ಥ ಕಂಡುಬಂದಿತು. ಕ್ಲಬ್ಬು ಈ ವಿಷಯವನ್ನು ಸರಿಯಾಗಿ ವಿಚಾರಿಸಲಿಲ್ಲವೆಂಬ ದೂರು ಪೊಲೀಸರ ಬಳಿಗೆ ಹೋಗಿ, ಅನಂತರ ತನಿಖೆ ಸಿಐಡಿಯ ಕೈ ಸೇರಿತು. ಯಾರು ತಪ್ಪಿತಸ್ಥರು, ಯಾರು ಅಲ್ಲ ಎಂದು ನಿರ್ಣಯಿಸುವುದು ನ್ಯಾಯಾಲಯದ ಕೆಲಸ; ಅದರಲ್ಲಿ ನಾನು ತಲೆಹಾಕುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮದ್ದಿನ ಹೆಸರು.

ಪ್ರೋಕೇನ್ ಪೆನಿಸಿಲಿನ್ ಎಂಬ ಹೆಸರನ್ನು ಕೇಳದ ರೈತನಿಲ್ಲ. ದನದ ಆಸ್ಪತ್ರೆಯ ಕಪಾಟಿನಲ್ಲಿ ಸದಾ ಇರುತ್ತಿದ್ದ ಬಿಳಿಯ ಪುಡಿಯ ಬಾಟಲಿ ಅದು. ನೀರು ಬೆರೆಸಿ ಕುಲುಕಿದರೆ ಹಾಲಿನಂತಾಗುತ್ತಿತ್ತು. ಪೆನಿಸಿಲಿನ್ ಕೀವು ಒಣಗಿಸಲು. ಪ್ರೋಕೇನ್ ಏಕೆಂದರೆ, ಸೂಜಿ ಚುಚ್ಚಿದ ಜಾಗದ ನೋವು ತಗ್ಗಲು ಮತ್ತು ಔಷಧ ನಿಧಾನವಾಗಿ ರಕ್ತಕ್ಕೆ ಇಳಿಯಲು. ಜರ್ಮನಿಯ ಆಲ್ಫ್ರೆಡ್ ಐನ್‌ಹಾರ್ನ್ ಎಂಬ ರಸಾಯನಶಾಸ್ತ್ರಜ್ಞ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ತಯಾರಿಸಿದನು. ನೋವೊಕೇನ್ ಎಂಬ ಹೆಸರಿನಲ್ಲಿ ಹಲ್ಲಿನ ವೈದ್ಯರು ಇದನ್ನು ದಶಕಗಳ ಕಾಲ ಬಳಸಿದರು. ಕುದುರೆಯ ಕಾಲಿನ ನರದ ಬಳಿ ಇದನ್ನು ಚುಚ್ಚಿದರೆ ಆ ಕಾಲು ಮರಗಟ್ಟುತ್ತದೆ, ಕುಂಟುವ ಕುದುರೆ ಕುಂಟುವುದಿಲ್ಲ. ಅದಲ್ಲದೆ ಈ ಪದಾರ್ಥ ಕುದುರೆಯನ್ನು ಉದ್ರೇಕಗೊಳಿಸಲೂ ಬಲ್ಲದು.

ತೊಡಕು ಇರುವುದೂ ಇಲ್ಲಿಯೇ. ಗಾಯ ಮಾಯಲೆಂದು ಪ್ರಾಮಾಣಿಕವಾಗಿ ಕೊಟ್ಟ ಪೆನಿಸಿಲಿನ್ನಿನ ಪ್ರೋಕೇನ್ ಹಲವು ದಿನಗಳ ಮೇಲೂ ಕುದುರೆಯ ಮೂತ್ರದಲ್ಲಿ ಕಾಣಿಸಿಕೊಳ್ಳಬಹುದು. ಚಿಕಿತ್ಸೆಗೆ ಕೊಟ್ಟದ್ದೋ ಮೋಸಕ್ಕೆ ಕೊಟ್ಟದ್ದೋ ಎಂದು ಮೂತ್ರ ಹೇಳದು. ಆದ್ದರಿಂದಲೇ ರೇಸಿನ ಲೋಕದ ನಿಯಮವು ಉದ್ದೇಶವನ್ನು ಕೇಳದೆ, ಓಟದ ದಿನ ಮೈಯಲ್ಲಿ ಪದಾರ್ಥವಿದ್ದರೆ ತರಬೇತುದಾರನೇ ಹೊಣೆ ಎನ್ನುತ್ತದೆ. ಇದು ಕಠೋರವೆಂದು ಕೆಲವರಿಗೆ ತೋರಬಹುದು. ನನಗೆ ನ್ಯಾಯವಾಗಿಯೇ ತೋರುತ್ತದೆ. ಔಷಧ ಬೇಕಾದಷ್ಟು ಕಾಯಿಲೆಯಿರುವ ಪ್ರಾಣಿಗೆ ಓಟ ಬೇಡ ಎಂಬುದಲ್ಲವೇ ಅದರ ಅರ್ಥ?

ಎಂಬತ್ತರ ದಶಕದ ಒಂದು ಸಂಗತಿ. ಹಂಪಸಾಗರದಲ್ಲಿ ನಮ್ಮ ಓಣಿಯ ಹಿರಿಯರೊಬ್ಬರ ಬಲಗೈ ಎತ್ತಿಗೆ ಗೊರಸಿನ ಮೇಲೆ ಗಾಯವಾಗಿತ್ತು. ಡಾಕ್ಟರರು ನೋವಿಗೊಂದು ಸೂಜಿ ಹಾಕಿ, ಪಟ್ಟಿ ಕಟ್ಟಿ, ಎಂಟು ದಿನ ನೊಗಕ್ಕೆ ಹೂಡಬೇಡಿರೆಂದು ಹೇಳಿ ಹೋದರು. ಸಂಜೆಯ ಹೊತ್ತಿಗೆ ಎತ್ತು ಕುಂಟುವುದನ್ನು ನಿಲ್ಲಿಸಿತ್ತು. ಆ ಹಿರಿಯರು ಕೆಟ್ಟವರಲ್ಲ. ಮಕ್ಕಳಿಗಿಂತ ಹೆಚ್ಚಾಗಿ ಎತ್ತುಗಳನ್ನು ಸಾಕಿದವರು. ಆದರೆ ಮರುದಿನ ಶೇಂಗಾ ಹೇರಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋಗಲೇಬೇಕಿತ್ತು, ಎತ್ತು ನೆಟ್ಟಗೆ ನಡೆಯುತ್ತಲೂ ಇತ್ತು. ಹೂಡಿದರು. ಎರಡು ದಿನಗಳಲ್ಲಿ ಕಾಲು ಮೊಣಕಾಲಿನವರೆಗೆ ಬಾತುಕೊಂಡು, ಆ ಎತ್ತು ಮತ್ತೆ ಗಾಡಿಗೆ ಬರಲಿಲ್ಲ. "ಅದು ಕುಂಟಿದ್ರ ನಾ ಹೂಡ್ತಿದ್ನೇನೋ ತಮ್ಮಾ" ಎಂದು ಅವರು ನನ್ನೆದುರು ಕಣ್ಣೀರು ಹಾಕಿದ್ದರು. ಮೂಕಪ್ರಾಣಿಗೆ ಕುಂಟುವುದೊಂದೇ ಮಾತು. ಅಷ್ಟು ಅಕ್ಕರೆಯ ಯಜಮಾನನೇ ಆ ಮಾತು ಕೇಳದಾದಾಗ ಮೋಸಹೋದನೆಂದ ಮೇಲೆ, ಲಕ್ಷಾಂತರ ರೂಪಾಯಿ ಬಹುಮಾನವಿರುವ ಕಡೆ ಆ ಬಾಯನ್ನು ಬೇಕೆಂದೇ ಕಟ್ಟುವವರಿದ್ದರೆ ಏನಾದೀತು? ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡುವ ಕುದುರೆಯ ಕಾಲು ಮುರಿದರೆ ಬಹುಪಾಲು ಅದು ಬದುಕುವುದಿಲ್ಲ. ಮೇಲಿರುವ ಜಾಕಿಯ ಪ್ರಾಣಕ್ಕೂ ಸಂಚಕಾರ.

ಮಾದರಿ ತೆಗೆಯುವ ಕ್ರಮವನ್ನು ತಿಳಿದಾಗ ನನಗೆ ನಗು ಬಂತು. ಓಟ ಮುಗಿದೊಡನೆ ಗೆದ್ದ ಕುದುರೆಯನ್ನು ಪ್ರತ್ಯೇಕ ಕೊಟ್ಟಿಗೆಗೆ ಒಯ್ದು, ಅದು ಮೂತ್ರ ಮಾಡಲೆಂದು ಶಿಳ್ಳೆ ಹಾಕುತ್ತಾ ಕಾಯುತ್ತಾರೆ. ನಮ್ಮಲ್ಲಿ ಎತ್ತು ನೀರು ಕುಡಿಯಲೆಂದು ಶಿಳ್ಳೆ ಹಾಕಿದರೆ ಅಲ್ಲಿ ವಿರುದ್ಧ ಕಾರ್ಯಕ್ಕೆ! ಮೂತ್ರ ಬಾರದಿದ್ದರೆ ರಕ್ತ ತೆಗೆಯುತ್ತಾರೆ. ಮಾದರಿಯನ್ನು ಎರಡು ಭಾಗ ಮಾಡಿ, ಕುದುರೆಯ ಹೆಸರು ಬರೆಯದೆ ಸಂಖ್ಯೆ ಮಾತ್ರ ನಮೂದಿಸಿ, ಮೊಹರು ಹಾಕುತ್ತಾರೆ. ನಮ್ಮ ಉತ್ತರಪತ್ರಿಕೆಗಳಿಗೆ ಗುಪ್ತಸಂಖ್ಯೆ ಹಾಕುವಂತೆಯೇ. ಇಲ್ಲಿಯವರೆಗೆ ಏರ್ಪಾಡು ಚೆನ್ನಾಗಿದೆ. ಆದರೆ ಪರೀಕ್ಷೆಯ ಫಲಿತಾಂಶ ಹೋಗುವುದು ಓಟವನ್ನು ನಡೆಸಿದ ಕ್ಲಬ್ಬಿಗೇ. ವಿಚಾರಣೆ ಮಾಡುವವರು ಕ್ಲಬ್ಬಿನ ಸ್ಟೀವರ್ಡರೇ. ಪರೀಕ್ಷೆ ಬರೆದ ಹುಡುಗನ ಮನೆಯಲ್ಲಿಯೇ ಮೌಲ್ಯಮಾಪನ ಕೇಂದ್ರ ತೆರೆದಂತೆ.

ಹಾಗಾದರೆ ಸರ್ಕಾರ ಎಲ್ಲಿದೆ? ಮೈಸೂರು ರೇಸ್ ಕೋರ್ಸ್ ಪರವಾನಗಿ ಕಾಯಿದೆ 1952ರಿಂದಲೂ ಇದೆ. ಪರವಾನಗಿಯಿಲ್ಲದೆ ಒಂದು ಕುದುರೆಯೂ ಓಡುವಂತಿಲ್ಲ. ಷರತ್ತು ಹಾಕುವ ಅಧಿಕಾರ ಸರ್ಕಾರದ್ದು. ಆ ಅಧಿಕಾರ ಜೀವಂತವಾಗಿದೆ ಎಂಬುದಕ್ಕೆ 2024 ಸಾಕ್ಷಿ. ಆ ವರ್ಷದ ಜನವರಿಯಲ್ಲಿ ಕ್ಲಬ್ಬಿನ ಆವರಣದ ಬುಕ್ಕಿಗಳ ಮೇಲೆ ಸಿಸಿಬಿ ಪೊಲೀಸರು ದಾಳಿ ಮಾಡಿದರು, ಜೂನ್‌ನಲ್ಲಿ ಸರ್ಕಾರ ಪರವಾನಗಿ ನಿರಾಕರಿಸಿತು, ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಗಮನಿಸಿ, ಅಂದು ದೊಡ್ಡ ಮಾತಾಗಿದ್ದುದು ತೆರಿಗೆ ತಪ್ಪಿಸಿದ ಹಣ. ಬಾಜಿಯ ಮೇಲೆ 2023ರ ಅಕ್ಟೋಬರಿನಿಂದ ಪೂರ್ಣ ಮೊತ್ತಕ್ಕೆ ಶೇ. 28ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ. 40ಕ್ಕೆ ಏರಿತು. ಓಟದಿಂದ ಆದಾಯ ಪಡೆಯುವ ಕೈ ಕ್ಲಬ್ಬಿನದೊಂದೇ ಅಲ್ಲ.

ಕುದುರೆಯ ಪರವಾಗಿ ಕಾನೂನು ಇಲ್ಲವೆಂದಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮು, ಪ್ರಾಣಿಗೆ ಬುದ್ಧಿಪೂರ್ವಕವಾಗಿ ಅಪಾಯಕರ ಮದ್ದು ಕೊಡುವುದು ಅಪರಾಧವೆಂದು ಸ್ಪಷ್ಟವಾಗಿ ಹೇಳುತ್ತದೆ. ಮೊದಲ ಅಪರಾಧಕ್ಕೆ ದಂಡವೆಷ್ಟು ಗೊತ್ತೇ? ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ. 1960ರಲ್ಲಿ ಐವತ್ತು ರೂಪಾಯಿಗೆ ಬೆಲೆಯಿತ್ತು, ಒಪ್ಪುತ್ತೇನೆ. ಇಂದು ಅಷ್ಟರಲ್ಲಿ ಎರಡು ಮಸಾಲೆ ದೋಸೆಯೂ ಬಾರದು.

1996ರಲ್ಲಿ ಲಕ್ಷ್ಮಣನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕುದುರೆ ಪಂದ್ಯವು ಅದೃಷ್ಟದಾಟವಲ್ಲ, ಕುದುರೆಯ ಸಾಮರ್ಥ್ಯ, ತರಬೇತಿ, ಸವಾರನ ನೈಪುಣ್ಯಗಳನ್ನು ಅವಲಂಬಿಸಿದ ಕೌಶಲದಾಟ ಎಂದು ತೀರ್ಪಿತ್ತಿತು. ರೇಸಿನ ಇಡೀ ಕಟ್ಟಡ ನಿಂತಿರುವುದು ಈ ಮಾತಿನ ಮೇಲೆ. ಮದ್ದಿನ ಬಲದಿಂದ ಕುದುರೆ ಓಡಿದರೆ ಉಳಿಯುವ ಕೌಶಲ ಚುಚ್ಚಿದವನದು ಮಾತ್ರ.

ನಮ್ಮೂರ ಹೊಳೆಯ ಕೆಳದಂಡೆಯ ಹಂಪಿಯಲ್ಲಿ ಒಂದು ಕಾಲಕ್ಕೆ ಕುದುರೆಯೇ ರಾಜ್ಯದ ಬಲವಾಗಿತ್ತು. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ನೂನಿಜ್ ಒಂದು ಸ್ವಾರಸ್ಯದ ಸಂಗತಿಯನ್ನು ಬರೆದಿಟ್ಟಿದ್ದಾನೆ. ಸಾಳುವ ನರಸಿಂಹನು ಹಡಗಿನಲ್ಲಿ ಸತ್ತ ಕುದುರೆಗೂ ಹಣ ಕೊಡುತ್ತಿದ್ದನಂತೆ, ಬಾಲವನ್ನು ತಂದು ತೋರಿಸಿದರೆ ಸಾಕಿತ್ತಂತೆ. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ದನಿ ಏಳುತ್ತಿತ್ತು: "ಸಾರ್, ಒಂದು ಕುದುರಿ ಬಾಲ ಎರಡು ಮಾಡಿ ತಂದ್ರ?" ತಂದವನೇ ಪುರಾವೆಯನ್ನೂ ತರುವ ಪದ್ಧತಿಯ ದೋಷವನ್ನು ನಮ್ಮ ಹುಡುಗರು ಅಂದೇ ಕಂಡುಹಿಡಿದಿದ್ದರು.

ಅಮೆರಿಕದಲ್ಲಿಯೂ ಬಹುಕಾಲ ರಾಜ್ಯಕ್ಕೊಂದು ನಿಯಮವಿತ್ತು. 2020ರ ಮಾರ್ಚ್‌ನಲ್ಲಿ ಕುದುರೆಗಳಿಗೆ ಮದ್ದು ಕೊಟ್ಟ ಆರೋಪದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಮಂದಿಯ ಮೇಲೆ ಕೇಂದ್ರ ಸರ್ಕಾರದ ಮೊಕದ್ದಮೆ ನಡೆದು, ಜಾರ್ಜ್ ನವಾರೊ ಎಂಬ ಹೆಸರಾಂತ ತರಬೇತುದಾರನಿಗೆ ಐದು ವರ್ಷ ಸೆರೆಯಾಯಿತು. ಅದೇ ಡಿಸೆಂಬರಿನಲ್ಲಿ ದೇಶಕ್ಕೆಲ್ಲ ಒಂದೇ ಕಾನೂನು ಬಂತು. ಮದ್ದು ನಿಯಂತ್ರಣಕ್ಕೆ ಕ್ಲಬ್ಬುಗಳಿಂದ ಬೇರೆಯಾದ ಪ್ರಾಧಿಕಾರ, ಆ ಪ್ರಾಧಿಕಾರದ ನಿಯಮಗಳನ್ನು ಒಪ್ಪಲು ಅಥವಾ ತಿರಸ್ಕರಿಸಲು ಸರ್ಕಾರದ ಆಯೋಗ. 2023ರ ಮೇ ತಿಂಗಳಿಂದ ಮದ್ದು ಪರೀಕ್ಷೆ ಅದರ ಕೈಯಲ್ಲಿದೆ. ಅದರಿಂದ ಅಲ್ಲಿ ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ.

ಸರ್ಕಾರವೆಂದರೆ ಲಂಚ, ಅದೊಂದು ಹೊಸ ಹುಂಡಿ ಎಂದು ನನ್ನ ತಮ್ಮನ ಮಗ ವಾದಿಸುತ್ತಾನೆ. ಆ ದೆಹಲಿಯ ಪ್ರಯೋಗಾಲಯವನ್ನೇ 2019ರ ಆಗಸ್ಟ್‌ನಲ್ಲಿ, ಮನುಷ್ಯ ಕ್ರೀಡಾಪಟುಗಳ ಪರೀಕ್ಷೆಯ ವಿಷಯದಲ್ಲಿ, ವಿಶ್ವ ಉದ್ದೀಪನ ತಡೆ ಸಂಸ್ಥೆ ಅಮಾನತು ಮಾಡಿತ್ತಲ್ಲ ಎಂದೂ ಅವನು ಎತ್ತಿ ತೋರಿಸುತ್ತಾನೆ. ನಿಜ. ಆದರೆ ಹೊರಗಿನವರೊಬ್ಬರು ನೋಡುತ್ತಿದ್ದುದರಿಂದಲೇ ಅಮಾನತಾಯಿತು, ಕೊರತೆ ತಿದ್ದಿಕೊಂಡ ಮೇಲೆ 2021ರ ಡಿಸೆಂಬರಿನಲ್ಲಿ ಮಾನ್ಯತೆ ಮರಳಿ ಬಂತು. ನಾನು ಕೇಳುವುದು ದೊಡ್ಡ ಇಲಾಖೆಯನ್ನಲ್ಲ. ಪ್ರಯೋಗಾಲಯದ ವರದಿ ಕ್ಲಬ್ಬಿಗೆ ತಲುಪುವ ದಿನವೇ ಪಶುಸಂಗೋಪನಾ ಇಲಾಖೆಗೂ ತಲುಪಲಿ. ಆ ಕುದುರೆಗೆ ಹಿಂದಿನ ಎರಡು ತಿಂಗಳು ಯಾವ ವೈದ್ಯರು ಏನು ಔಷಧ ಕೊಟ್ಟರೆಂಬ ದಾಖಲೆ ಲಾಯದಲ್ಲಿ ಇರಲಿ, ಓಟದ ಮುನ್ನ ಕ್ಲಬ್ಬಿನ ಸಂಬಳ ಪಡೆಯದ ಪಶುವೈದ್ಯರೊಬ್ಬರು ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡಲಿ. ಇವಿಷ್ಟನ್ನು ಪರವಾನಗಿಯ ಷರತ್ತುಗಳಲ್ಲಿ ಸೇರಿಸಲು ಹೊಸ ಕಾಯಿದೆಯೇನೂ ಬೇಕಿಲ್ಲ, 1952ರದು ಸಾಕು. ದಂಡದ ಮೊತ್ತವನ್ನು ಏರಿಸಲು ಮಾತ್ರ ಕಾಯಿದೆಯನ್ನೇ ತಿದ್ದಬೇಕು.