ಎಪ್ಪತ್ತಮೂರನೇ ಬೋರ್ಡು

2000ದ ಡಿಸೆಂಬರ್ 24ರಂದು ಆನಂದ್ ಟೆಹರಾನಿನಲ್ಲಿ ಶಿರೋವ್ ಅವರನ್ನು ಸೋಲಿಸಿ ಚೆಸ್ ವಿಶ್ವ ಚಾಂಪಿಯನ್ ಆದರಲ್ಲ, ಆ ಸುದ್ದಿ ನಮ್ಮೂರು ಸಾಗರಕ್ಕೆ ಬಂದಾಗ ಎಲ್ಲರ ಮನೆಯಲ್ಲೂ ಅಡಿಕೆ ಕೊಯ್ಲಿನ ಗಡಿಬಿಡಿ. ಆದರೂ ಅಂಗಡಿ ಜಗುಲಿಯಲ್ಲಿ, ಬ್ಯಾಂಕಿನ ಊಟದ ಬಿಡುವಿನಲ್ಲಿ, ಹೈಸ್ಕೂಲಿನ ಹಿಂದಿನ ಬೆಂಚಿನಲ್ಲಿ, ಎಲ್ಲಿ ನೋಡಿದರೂ ಚೆಸ್ಸೇ. ಗಣಪತಿ ಕೂರಿಸುತ್ತಿದ್ದ, ವರ್ಷಕ್ಕೊಂದು ವಾಲಿಬಾಲ್ ಪಂದ್ಯ ಮಾಡುತ್ತಿದ್ದ ನಮ್ಮ ಹುಡುಗರ ಸಂಘಕ್ಕೂ ಚೆಸ್ ಪಂದ್ಯಾವಳಿ ನಡೆಸುವ ಆಸೆ ಹುಟ್ಟಿತು. ಫೆಬ್ರವರಿಯ ಒಂದು ಶನಿವಾರ, ಭಾನುವಾರ ಗೊತ್ತು ಮಾಡಿ, ಹೈಸ್ಕೂಲಿನ ಹಾಲ್ ಕೇಳಿಕೊಂಡು ಬಂದೆವು.

ಮೊದಲ ಸಭೆಯಲ್ಲೇ ಚರ್ಚೆ ಬಿಸಿಯಾಯಿತು. ವಾಲಿಬಾಲ್ ನಡೆಸಿ ರೂಢಿಯಿದ್ದ ಹಿರಿಯರು ನಾಕೌಟ್ ಎಂದು ಪಟ್ಟು ಹಿಡಿದರು. ಸೋತವ ಮನೆಗೆ, ಗೆದ್ದವ ಮುಂದಕ್ಕೆ. ಲೆಕ್ಕ ಸುಲಭ, ಊಟದ ಖರ್ಚೂ ಕಡಿಮೆ. “ಆನಂದ್ ಗೆದ್ದಿದ್ದೂ ನಾಕೌಟಲ್ಲೇ ಅಲ್ವೇನ್ರೀ?” ಎಂದು ಒಬ್ಬರು ಕೇಳಿದರು. ಮಾತು ನಿಜ. ದೆಹಲಿಯಲ್ಲಿ ಶುರುವಾಗಿ ಟೆಹರಾನಿನಲ್ಲಿ ಮುಗಿದ ಆ ಚಾಂಪಿಯನ್‌ಶಿಪ್ ನಾಕೌಟೇ. ನಾವು ಹುಡುಗರು ಸುಮ್ಮನಾದೆವು. ಉತ್ತರ ಕೊಟ್ಟವರು ಶಿವಮೊಗ್ಗದಿಂದ ನಾವು ತೀರ್ಪಿಗೆ ಕರೆಸಿಕೊಂಡಿದ್ದ ಆರ್ಬಿಟರ್. ಬ್ಯಾಂಕ್ ನೌಕರರು, ದನಿ ಏರಿಸಿ ಮಾತಾಡಿದವರೇ ಅಲ್ಲ. “ಅಲ್ಲಿಗೆ ಬಂದಿದ್ದು ಪ್ರಪಂಚದಲ್ಲಿ ಆಯ್ದ ನೂರು ಜನ. ನಿಮ್ಮಲ್ಲಿಗೆ ಬರೋನು ಹೊಸನಗರದ ಕಡೆಯಿಂದ ಬೆಳಗಿನ ಬಸ್ ಹತ್ತಿ ಬರ್ತಾನೆ. ಹನ್ನೊಂದು ಗಂಟೆಗೇ ಅವನಿಗೆ ನೀನು ಸೋತೆ ಅಂತ ಹೇಳಿದ್ರೆ ಮುಂದೆ ಆ ಹುಡುಗ ಚೆಸ್ ಮುಟ್ತಾನೇನ್ರೀ?”

ಅವರು ಹೇಳಿದ್ದು ಸ್ವಿಸ್ ಪದ್ಧತಿ. 1895ರಲ್ಲಿ ಜ್ಯೂರಿಕ್‌ನ ಪಂದ್ಯಾವಳಿಯೊಂದರಲ್ಲಿ ಮೊದಲು ಬಳಸಿದ್ದರಿಂದ ಆ ಹೆಸರು. ಅದರಲ್ಲಿ ಯಾರೂ ಹೊರಗೆ ಹೋಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಸಮ ಪಾಯಿಂಟಿನವರನ್ನು ಎದುರುಬದುರು ಕೂರಿಸುತ್ತಾರೆ. ಗೆಲ್ಲುವವನಿಗೆ ಗೆಲ್ಲುವವ ಸಿಗುತ್ತಾನೆ, ಸೋಲುವವನಿಗೆ ಸೋಲುವವ. ಒಮ್ಮೆ ಆಡಿದವರು ಮತ್ತೆ ಎದುರಾಗುವಂತಿಲ್ಲ, ಒಬ್ಬನಿಗೆ ಸತತ ಮೂರು ಸಲ ಒಂದೇ ಬಣ್ಣ ಬರುವಂತಿಲ್ಲ. ನೂರಿಪ್ಪತ್ತೆಂಟು ಜನರಿದ್ದರೆ ನಾಕೌಟಿಗೂ ಏಳು ಸುತ್ತು ಬೇಕು, ಇದಕ್ಕೂ ಏಳೇ ಸುತ್ತು ಸಾಕು. ಅಲ್ಲಿ ಅರವತ್ತನಾಲ್ಕು ಜನ ಒಂದೇ ಆಟಕ್ಕೆ ಮನೆಗೆ ಹೋಗುತ್ತಾರೆ. ಇಲ್ಲಿ ಎಲ್ಲರೂ ಏಳು ಆಟ ಆಡುತ್ತಾರೆ. ಈ ಲೆಕ್ಕ ಕೇಳಿದ ಮೇಲೆ ಹಿರಿಯರೂ ಒಪ್ಪಿದರು.

ಅರವತ್ತು ಜನ ಬಂದರೆ ಹೆಚ್ಚು ಅಂದುಕೊಂಡು ನಲವತ್ತು ಬೋರ್ಡು ಜೋಡಿಸಿದ್ದೆವು. ಶನಿವಾರ ಬೆಳಿಗ್ಗೆ ಎಂಟಕ್ಕೆ ಶಾಲೆಯ ಗೇಟಿನಿಂದ ರಸ್ತೆಯವರೆಗೆ ಸಾಲು. ಸೊರಬ, ಸಿದ್ದಾಪುರ, ತೀರ್ಥಹಳ್ಳಿಯ ಬಸ್ಸುಗಳಿಂದ ಇಳಿದವರು, ಅಪ್ಪನ ಸ್ಕೂಟರಿನಲ್ಲಿ ನಿಂತು ಬಂದ ಮಕ್ಕಳು, ಅಂಗಡಿಗೆ ಬೀಗ ಹಾಕಿ ಬಂದ ದರ್ಜಿ, ಪೂಜೆ ಮುಗಿಸಿ ಮಡಿ ಬಿಚ್ಚಿ ಬಂದ ಭಟ್ಟರು. ಹೆಸರು ಬರೆಸಿದವರು ನೂರನಲವತ್ತಾರು. ಸಂಘದ ಹುಡುಗರು ಸೈಕಲ್ ಹತ್ತಿ ಮನೆಮನೆಗೆ ಹೋಗಿ ಬೋರ್ಡು ಕೇಳಿ ತಂದರು. ಆನೆ ಕಳೆದುಹೋದ ಸೆಟ್ಟಿಗೆ ಇನ್ನೊಂದು ಸೆಟ್ಟಿನ ಆನೆ ಸೇರಿಸಿ, ಹಾಲಿನಲ್ಲಿ ಜಾಗ ಸಾಲದೆ ಪಕ್ಕದ ಎರಡು ಕ್ಲಾಸ್‌ರೂಮು ತೆಗೆಸಿ, ಅಂತೂ ಎಪ್ಪತ್ತಮೂರು ಬೋರ್ಡು ಹೂಡಿದಾಗ ಹತ್ತೂವರೆ. ಯಾರೂ ಗೊಣಗಲಿಲ್ಲ. ಅವಲಕ್ಕಿ, ಮಜ್ಜಿಗೆ ಕೊಟ್ಟಿದ್ದೂ ಸಹಾಯಕ್ಕೆ ಬಂತೆನ್ನಿ.

ಚೆಸ್ ಗಡಿಯಾರ ನಮ್ಮಲ್ಲಿದ್ದದ್ದು ಇಪ್ಪತ್ತರ ಒಳಗೆ. ಅವನ್ನು ಮೇಲಿನ ಬೋರ್ಡುಗಳಿಗಿಟ್ಟು, ಉಳಿದವರಿಗೆ ಒಂದು ನಿಯಮ ಹೇಳಿದೆವು: ನಲವತ್ತು ನಿಮಿಷವಾದರೂ ಮುಗಿಯದ ಆಟಕ್ಕೆ ಗಡಿಯಾರ ತಂದಿಡುತ್ತೇವೆ, ಅಲ್ಲಿಂದ ತಲೆಗೆ ಹತ್ತು ನಿಮಿಷ. ಅಷ್ಟು ಹೊತ್ತಿಗೆ ಮೇಲಿನ ಹಲವು ಆಟ ಮುಗಿದು ಗಡಿಯಾರ ಖಾಲಿಯಾಗಿರುತ್ತಿತ್ತು. ಹಳ್ಳಿಯ ಹಿರಿಯರಿಗೆ ಮಾತ್ರ ತೊಡಕಾದದ್ದು ನಡೆಗಳು. ಅವರು ಕಲಿತದ್ದು ದೇಸಿ ಆಟ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ. ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಎಪ್ಪತ್ತು ದಾಟಿದ ತೋಟದ ಅಜ್ಜನೊಬ್ಬರು ಮೊದಲ ಸುತ್ತಿನಲ್ಲಿ ದರ್ಜಿಯ ಎದುರು ರಾಜನನ್ನು ಹಾಗೇ ಹಾರಿಸಿ, ಅದು ನಡೆಯುವುದಿಲ್ಲ ಎಂದಾಗ ಕೈ ಹಾಗೇ ಹಿಡಿದುಕೊಂಡು ಕೂತುಬಿಟ್ಟರು. ಆಟ ಸೋತರು. ಆರ್ಬಿಟರ್ ಸರ್ ಅಜ್ಜನ ಪಕ್ಕ ಬೆಂಚಿನಲ್ಲಿ ಕೂತು, ಮೀರ್ ಸುಲ್ತಾನ್ ಖಾನ್ ಕೂಡ ಮೊದಲು ಕಲಿತದ್ದು ದೇಸಿ ಆಟವನ್ನೇ, ಆಮೇಲೆ ಈ ನಿಯಮ ಕಲಿತು 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, ಮುಂದೆ ಇನ್ನೆರಡು ಸಲವೂ ಗೆದ್ದರು ಎಂದು ಕತೆ ಹೇಳಿದರು. ಅಜ್ಜ ಎರಡನೇ ಸುತ್ತಿಗೆ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು.

ಕಂಪ್ಯೂಟರ್ ಇರಲಿಲ್ಲ, ಯಾರಿಗೆ ಯಾರು ಎದುರು ಎಂಬ ಪೇರಿಂಗ್ ಎಲ್ಲ ಕೈಯಲ್ಲೇ. ಉಳಿದ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂದಿನ ಖಾಲಿ ಬದಿಯಲ್ಲಿ ಒಬ್ಬೊಬ್ಬರಿಗೊಂದು ಕಾರ್ಡು ಮಾಡಿದ್ದೆವು. ಮೇಲೆ ನಂಬರು, ಹೆಸರು. ಕೆಳಗೆ ಸುತ್ತಿಗೊಂದು ಸಾಲು: ಎದುರಾಳಿಯ ನಂಬರು, ಬಿಳಿಯೋ ಕಪ್ಪೋ, ಫಲಿತಾಂಶ, ಒಟ್ಟು ಪಾಯಿಂಟು. ಸುತ್ತು ಮುಗಿದೊಡನೆ ಪಾಯಿಂಟಿನ ಪ್ರಕಾರ ರಾಶಿ ಮಾಡಿ, ಪ್ರತಿ ರಾಶಿಯನ್ನೂ ಅರ್ಧ ಮಾಡಿ, ಮೇಲಿನ ಅರ್ಧದ ಮೊದಲಿಗನನ್ನು ಕೆಳಗಿನ ಅರ್ಧದ ಮೊದಲಿಗನ ಎದುರು ಇಡಬೇಕು. ಇಬ್ಬರೂ ಆಗಲೇ ಆಡಿದ್ದರೆ, ಬಣ್ಣ ಹೊಂದದಿದ್ದರೆ, ಒಂದು ಕಾರ್ಡು ಕೆಳಗೆ ಸರಿಸಬೇಕು. ಒಂದು ಸರಿದರೆ ನಾಲ್ಕು ಸರಿಯುತ್ತವೆ.

ನಾಲ್ಕನೇ ಸುತ್ತಿನ ಪೇರಿಂಗ್ ಹೊತ್ತಿಗೆ ಕರೆಂಟು ಹೋಯಿತು. ಸಂಜೆಗತ್ತಲು. ಸ್ಟಾಫ್‌ರೂಮಿನ ಉದ್ದ ಮೇಜಿನ ಮೇಲೆ ಲಾಟೀನು ಇಟ್ಟುಕೊಂಡು ಕಾರ್ಡು ಹರಡಿದೆವು. ಮುಕ್ಕಾಲು ಭಾಗ ಜೋಡಿಯಾಗಿತ್ತು. ಇದ್ದಕ್ಕಿದ್ದಂತೆ ಕರೆಂಟು ಬಂತು, ತಲೆ ಮೇಲಿನ ಫ್ಯಾನು ಭರ್ರೆಂದು ತಿರುಗಿತು. ನೂರನಲವತ್ತಾರು ಕಾರ್ಡೂ ಗಾಳಿಯಲ್ಲಿ. ಹುಡುಗರಿಗೆ ಅಳುವುದೊಂದು ಬಾಕಿ. ಸರ್ ಮೊದಲು ಎದ್ದು ಫ್ಯಾನು ಆರಿಸಿದರು, ಆಮೇಲೆ ನೆಲಕ್ಕೆ ಮಂಡಿಯೂರಿದರು. “ಏನೂ ಹೋಗಿಲ್ಲ, ಎಲ್ಲಾ ಕಾರ್ಡಲ್ಲೇ ಇದೆ. ಹೆಕ್ಕಿ.” ಹೌದು, ಮೂರು ಸುತ್ತಿನ ಚರಿತ್ರೆ ಒಂದೊಂದು ಕಾರ್ಡಿನಲ್ಲೂ ಬರೆದಿತ್ತು. ಹೆಕ್ಕಿ ಎಣಿಸಿದರೆ ನೂರನಲವತ್ತೈದು. ಉಳಿದೊಂದು ಬೀರುವಿನ ಹಿಂದೆ ಗೋಡೆಗೆ ಒರಗಿ ನಿಂತಿತ್ತು. ಅಡಿಕೋಲು ತೂರಿಸಿ ಎಳೆದೆವು. ಮತ್ತೆ ಮೊದಲಿಂದ ರಾಶಿ. ಅಷ್ಟು ಹೊತ್ತೂ ಆಟಗಾರರು ಅಂಗಳದಲ್ಲಿ ಗುಂಪುಗುಂಪಾಗಿ ಮುಗಿದ ಆಟಗಳನ್ನೇ ಮತ್ತೆ ಆಡುತ್ತಿದ್ದರು. ಒಬ್ಬನೂ ಮನೆಗೆ ಹೋಗಿರಲಿಲ್ಲ. ನಾಕೌಟಾಗಿದ್ದರೆ ಆ ಹೊತ್ತಿಗೆ ಅಂಗಳದಲ್ಲಿ ಹತ್ತೊಂಬತ್ತು ಜನ ಉಳಿಯುತ್ತಿದ್ದರೇನೋ.

ಭಾನುವಾರ ಸಂಜೆ ಏಳನೇ ಸುತ್ತು. ಮೊದಲ ಬೋರ್ಡಿನಲ್ಲಿ ಭದ್ರಾವತಿಯ ಕಾಲೇಜು ಹುಡುಗ ಬೇಗನೆ ಡ್ರಾ ಮಾಡಿಕೊಂಡು ಆರೂವರೆ ಪಾಯಿಂಟಿಗೆ ಪ್ರಥಮ ಬಂದ. ಚೆನ್ನಾಗಿ ಆಡಿದ. ಗುಡಿಗಾರರ ಹತ್ತಿರ ಶಿವನೆ ಮರದಲ್ಲಿ ಕೆತ್ತಿಸಿದ ಕುದುರೆ ಅವನದಾಯಿತು.

ಎಪ್ಪತ್ತಮೂರನೇ ಬೋರ್ಡಿನಲ್ಲಿ ಕೂತದ್ದು ಆರು ಸುತ್ತಿನಲ್ಲೂ ಸೊನ್ನೆ ಮಾಡಿದ ಇಬ್ಬರು. ಒಬ್ಬರು ಅದೇ ಅಜ್ಜ. ಎದುರಿಗೆ ಮೂರನೇ ಕ್ಲಾಸಿನ ಹುಡುಗಿ, ಕುರ್ಚಿಯ ಮೇಲೆ ಮಂಡಿಯೂರಿ ಕೂತರೆ ಮಾತ್ರ ಆಚೆ ಬದಿಯ ಆನೆಗೆ ಕೈ ಮುಟ್ಟುತ್ತಿತ್ತು. ಎಲ್ಲ ಆಟ ಮುಗಿದರೂ ಅವರದ್ದು ಮುಗಿಯಲಿಲ್ಲ. ನಲವತ್ತು ನಿಮಿಷಕ್ಕೆ ಗಡಿಯಾರ ತಂದಿಟ್ಟೆವು. ಹೊರಗೆ ವೇದಿಕೆ ಸಿದ್ಧ, ಮುಖ್ಯ ಅತಿಥಿಗಳು ಬಂದು ಕೂತಿದ್ದಾರೆ, ಅವರಿಗೆ ಇನ್ನೊಂದು ಊರಿಗೆ ಹೋಗಬೇಕು. ಸಂಘದ ಹಿರಿಯರೊಬ್ಬರು ಕಿವಿಯಲ್ಲಿ ಹೇಳಿದರು: “ಇಬ್ಬರದೂ ಸೊನ್ನೆ. ಅರ್ಧರ್ಧ ಕೊಟ್ಟು ಮುಗಿಸಿ ಮಾರಾಯ್ರೆ.” ಸರ್ ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ. ಮೊದಲ ಬೋರ್ಡಿಗೆ ಸಿಕ್ಕಷ್ಟು ಹೊತ್ತು ಕೊನೆಯ ಬೋರ್ಡಿಗೂ ಸಿಗಬೇಕು. ಅತಿಥಿಗಳಿಗೆ ಇನ್ನೊಂದು ಲೋಟ ಕಾಫಿ ಕಳಿಸಿದೆವು.

ಬೋರ್ಡಿನ ಸುತ್ತ ನಾಲ್ಕು ಸಾಲು ಜನ, ಯಾರಿಗೂ ಉಸಿರೆತ್ತಲು ಬಿಡದೆ ಸರ್ ತುಟಿಗೆ ಬೆರಳಿಟ್ಟು ನಿಂತಿದ್ದಾರೆ. ಅಜ್ಜನಿಗೆ ಉಳಿದದ್ದು ರಾಜ ಒಂದೇ. ಹುಡುಗಿಗೆ ರಾಜ, ಮಂತ್ರಿ. ಅವಳು ಒಂದೊಂದೇ ಸಾಲು ಕಟ್ಟುತ್ತ ಅಜ್ಜನ ರಾಜನನ್ನು ಮೂಲೆಗೆ ತಂದಳು. ಮೂಲೆಗೆ ಬಂದ ಮೇಲೆ ಆತುರ. ಮಂತ್ರಿಯನ್ನು ಎತ್ತಿ, ರಾಜನಿಂದ ಸರಿಯಾಗಿ ಒಂದು ಕುದುರೆ ನಡೆಯ ದೂರದ ಮನೆಯಲ್ಲಿಟ್ಟು ಕೈಬಿಟ್ಟಳು. ಚೆಕ್ ಇಲ್ಲ, ಹೋಗಲು ಮನೆಯೂ ಇಲ್ಲ. ಅಜ್ಜ ಮೂರೂ ಮನೆಗಳ ಮೇಲೆ ಬೆರಳಾಡಿಸಿ ನೋಡಿ, ಸರ್ ಕಡೆ ತಲೆಯೆತ್ತಿದರು. ಸ್ಟೇಲ್‌ಮೇಟ್. ಡ್ರಾ. ಹುಡುಗಿಯ ಕಣ್ಣು ತುಂಬಿತು. “ಕೂಸೇ, ಬೇಜಾರು ಮಾಡ್ಕ್ಯಳಡ. ಅರ್ಧ ನಿಂಗೆ, ಅರ್ಧ ನಂಗೆ,” ಎಂದು ಅಜ್ಜ ಕೈ ಚಾಚಿದರು. ಅವಳು ಮೂಗು ಒರೆಸಿಕೊಂಡು ಕೈ ಕುಲುಕಿದಳು. ಅಂಥ ಚಪ್ಪಾಳೆ ಮೊದಲ ಬೋರ್ಡಿಗೂ ಬಿದ್ದಿರಲಿಲ್ಲ.

ಇನ್ನೊಂದು ಸಂಗತಿ ಪಟ್ಟಿ ಬರೆಯುವಾಗ ತಿಳಿಯಿತು. ಬಹುಮಾನ ಹತ್ತು ಜನರಿಗೆ. ಹತ್ತನೆಯ ಜಾಗಕ್ಕೆ ಐದೂವರೆ ಪಾಯಿಂಟಿನ ಇಬ್ಬರು ಸಮ. ಆಗ ಬುಕ್‌ಹೋಲ್ಜ್ ನೋಡಬೇಕು, ಅಂದರೆ ಅವರು ಎದುರಿಸಿದವರೆಲ್ಲ ಗಳಿಸಿದ ಪಾಯಿಂಟಿನ ಮೊತ್ತ. ಸರ್ ಎರಡು ಸಲ ಕೂಡಿಸಿದರು. ಒಬ್ಬರಿಗೆ ಅರ್ಧ ಪಾಯಿಂಟು ಹೆಚ್ಚು. ಅವರು ಆ ದರ್ಜಿ. ಅವರ ಎದುರಾಳಿಗಳಲ್ಲಿ ಅಜ್ಜನೂ ಒಬ್ಬರು, ಅಜ್ಜನ ಅರ್ಧ ಪಾಯಿಂಟೇ ಆ ಹೆಚ್ಚು. ಅವಸರಕ್ಕೆ ನಾವೇ ಹಂಚಿಬಿಟ್ಟಿದ್ದರೆ ಹತ್ತನೇ ಬಹುಮಾನವನ್ನು ಆಟಗಾರರಲ್ಲ, ನಾವು ತೀರ್ಮಾನಿಸಿದ ಹಾಗಾಗುತ್ತಿತ್ತು. ದರ್ಜಿಗೆ ವಿಷಯ ತಿಳಿದು, ಬಹುಮಾನದ ಕವರು ಹಿಡಿದುಕೊಂಡೇ ಅಜ್ಜನನ್ನು ಹುಡುಕಿಕೊಂಡು ಹೋದರು.

ಮರುವರ್ಷದ ಕರಪತ್ರದ ಕರಡು ಬರೆದವರು ನಾಕೌಟ್ ಎಂದು ಪಟ್ಟು ಹಿಡಿದಿದ್ದ ಆ ಹಿರಿಯರೇ. ಬಹುಮಾನದ ಮೊತ್ತವನ್ನು ಕೆಳಗೆ ಸಣ್ಣಕ್ಷರಕ್ಕೆ ಇಳಿಸಿ, ಮೇಲೆ ದಪ್ಪಕ್ಷರದಲ್ಲಿ ‘ಬಂದವರೆಲ್ಲರಿಗೂ ಏಳು ಆಟ’ ಎಂದು ಹಾಕಿಸಿದರು.