ಬೆಂಕಿ ನಿಂತ ಗೆರೆ

‘ಅಲ್ಲಿ ಹಳೇದು ಏನಿದೆ?’

ರೋಟರ್ಡ್ಯಾಮಿನ ರೈಲ್ವೆ ಸ್ಟೇಷನ್ನಿನ ಹೊರಗೆ ನಿಂತು ವಿಡಿಯೋ ಕಾಲ್ ಮಾಡಿದಾಗ ಅಮ್ಮ ಮೊದಲು ಕೇಳಿದ್ದೇ ಇದನ್ನು. ಯಾವ ಊರಿಗೆ ಹೋದರೂ ಅವಳಿಗೆ ಕೋಟೆಯೋ ಅರಮನೆಯೋ ಗುಡಿಯೋ ಒಂದು ಬೇಕು. ಫೋನನ್ನು ಸುತ್ತಲೂ ತಿರುಗಿಸಿ ತೋರಿಸಿದೆ. ಗಾಜು, ಉಕ್ಕು, ಮತ್ತೆ ಗಾಜು. ‘ಬೆಂಗಳೂರಿನ ಕಂಪನಿಗಳ ಹಾಗೇ ಇದೆಯಲ್ಲ, ಇದನ್ನ ನೋಡೋಕೆ ಅಷ್ಟು ದೂರ ಹೋದ್ಯಾ’ ಎಂದು ನಕ್ಕಳು.

ಈ ಊರಿನಲ್ಲಿ ಹಳೆಯದು ಯಾಕಿಲ್ಲ ಎನ್ನುವುದಕ್ಕೆ ಒಂದು ತಾರೀಕಿದೆ. 1940ರ ಮೇ 14. ಶರಣಾಗತಿಯ ಮಾತುಕತೆ ಇನ್ನೂ ನಡೆಯುತ್ತಿರುವಾಗಲೇ, ಮಧ್ಯಾಹ್ನದ ಹೊತ್ತಿಗೆ ಜರ್ಮನ್ ವಿಮಾನಗಳು ಬಂದವು. ಬಾಂಬು ಸುರಿದದ್ದು ಕಾಲು ಗಂಟೆಯಷ್ಟು ಹೊತ್ತು. ಊರನ್ನು ತಿಂದದ್ದು ಅದರ ಹಿಂದೆಯೇ ಎದ್ದ ಬೆಂಕಿ. 800ಕ್ಕೂ ಹೆಚ್ಚು ಜನ ಸತ್ತರು, ಸುಮಾರು 80,000 ಜನ ಮನೆ ಕಳೆದುಕೊಂಡರು. ವಾರ್ಸಾದವರು ಯುದ್ಧ ಮುಗಿದ ಮೇಲೆ ತಮ್ಮ ಹಳೆಯ ಪೇಟೆಯನ್ನು ಇದ್ದ ಹಾಗೆಯೇ ಮತ್ತೆ ಕಟ್ಟಿಕೊಂಡರು. ರೋಟರ್ಡ್ಯಾಮಿನವರು ಹಾಗೆ ಮಾಡಲಿಲ್ಲ. ಅವಶೇಷಗಳನ್ನು ಗುಡಿಸಿ ಕಾಲುವೆಗಳಿಗೆ ತುಂಬಿದರು. ಇವತ್ತು ಬ್ಲಾಕ್ ಸ್ಟೇಷನ್ನಿನಿಂದ ಹೊರಬಂದು ರಸ್ತೆ ದಾಟುವವರು, ಒಂದು ಕಾಲುವೆಯಲ್ಲಿ ಹೂತುಹೋದ ಮನೆಗಳ ಮೇಲೆಯೇ ದಾಟುತ್ತಿರುತ್ತಾರೆ.

ಪ್ರವಾಸಿಗರೆಲ್ಲ ಫೋಟೋ ತೆಗೆಸಿಕೊಳ್ಳುವ ಹಳದಿ ಘನಾಕೃತಿಯ ಮನೆಗಳು ಅಲ್ಲೇ ಇವೆ. ಪೀಟ್ ಬ್ಲಾಮ್ ಎಂಬ ವಾಸ್ತುಶಿಲ್ಪಿಯ ಕಲ್ಪನೆ, 1984ರಲ್ಲಿ ಮುಗಿದದ್ದು. ಪ್ರತಿಯೊಂದು ಮನೆಯೂ ಒಂದು ಮರ, ಎಲ್ಲ ಸೇರಿ ಕಾಡು ಎಂದು ಆತನ ಲೆಕ್ಕ. ಟಿಕೆಟ್ ಕೊಟ್ಟು ಒಂದು ಮನೆಯೊಳಗೆ ಹೋಗಿಬರಬಹುದು. ಗೋಡೆಗಳು ವಾಲಿರುವುದರಿಂದ ಒಂದು ಕಪಾಟು ನೆಟ್ಟಗೆ ನಿಲ್ಲಿಸುವುದೂ ಕಷ್ಟ. ನನಗೆ ಎರಡು ಸಲ ತಲೆ ತಾಗಿತು. ಹೊರಗಿನಿಂದಲೇ ಚೆಂದ.

ಎದುರಿಗಿರುವ ಮಾರ್ಕ್‌ಟ್‌ಹಾಲ್ ನನಗೆ ಹೆಚ್ಚು ಇಷ್ಟವಾಯಿತು. 2014ರಲ್ಲಿ ತೆರೆದ ಈ ಕಮಾನಿನಾಕಾರದ ಕಟ್ಟಡದ ಒಳಮೈ ತುಂಬ ಬೃಹತ್ ಹಣ್ಣು, ತರಕಾರಿ, ಹೂಗಳ ಚಿತ್ರ. ಕಮಾನಿನಲ್ಲೇ ಜನ ಸಂಸಾರ ಮಾಡಿಕೊಂಡಿದ್ದಾರೆ. ಕಿಟಕಿಯಿಂದ ಬಗ್ಗಿದರೆ ಕೆಳಗೆ ಸಂತೆ. ಮೀನು, ಚೀಸ್ ಎಲ್ಲ ನೋಡಿಕೊಂಡು, ಪಾರ್ಕಿಂಗಿಗೆ ಇಳಿಯುವ ಎಸ್ಕಲೇಟರಿನ ಹತ್ತಿರ ಬಂದಾಗ ಗಾಜಿನ ಪೆಟ್ಟಿಗೆಗಳು ಕಂಡವು. ಈ ಕಟ್ಟಡಕ್ಕೆ ಪಾಯ ತೋಡುವಾಗ ಸಿಕ್ಕ ಹಳೆಯ ಊರಿನ ವಸ್ತುಗಳು. ಕೆಳಗಿಳಿದಷ್ಟೂ ಕಾಲ ಹಿಂದಕ್ಕೆ ಸರಿಯುತ್ತದೆ. ಅಮ್ಮ ಕೇಳಿದ ‘ಹಳೇದು’ ಕಾರು ನಿಲ್ಲಿಸುವ ಜಾಗದ ದಾರಿಯಲ್ಲಿತ್ತು! ಜನ ತರಕಾರಿ ಚೀಲ ಹಿಡಿದು ಅದರ ಪಕ್ಕದಲ್ಲೇ ಸರಸರ ಇಳಿದುಹೋಗುತ್ತಿದ್ದರು.

ಊಟದ ಬಗ್ಗೆ ಒಂದು ಮಾತು. ಈ ಊರಿನದ್ದೇ ಆದ ತಿಂಡಿಯ ಹೆಸರು ಕಾಪ್ಸಲಾನ್. ಅಂದರೆ ಕ್ಷೌರದಂಗಡಿ! ಕ್ಷೌರಿಕನೊಬ್ಬ ಶವರ್ಮಾ ಅಂಗಡಿಯಲ್ಲಿ ತನಗೆ ಇಷ್ಟವಾದದ್ದನ್ನೆಲ್ಲ ಒಂದೇ ತಟ್ಟೆಗೆ ಹಾಕಿಸಿಕೊಳ್ಳುತ್ತಿದ್ದನಂತೆ. ಆಲೂಗಡ್ಡೆ ಫ್ರೈ, ಅದರ ಮೇಲೆ ಮಾಂಸ, ಅದರ ಮೇಲೆ ಕರಗಿದ ಚೀಸ್, ಮೇಲೊಂದಿಷ್ಟು ಸೊಪ್ಪು. ಅರ್ಧ ತಿಂದು ಸೋತೆ.

ಮಧ್ಯಾಹ್ನ ಮಾಸ್ ನದಿಯ ಕಡೆ ನಡೆದೆ. ನದಿಯ ಅಡಿಯಿಂದ ದಾಟುವ ಸುರಂಗವೊಂದಿದೆ, 1942ರಲ್ಲಿ ಜರ್ಮನ್ನರ ಆಳ್ವಿಕೆಯಲ್ಲೇ ಸದ್ದಿಲ್ಲದೆ ತೆರೆದದ್ದು. ಅದಕ್ಕೆ ಇಳಿಯಲು ಮರದ ಎಸ್ಕಲೇಟರು. ಸೈಕಲ್ ಹಿಡಿದುಕೊಂಡೇ ಅದರ ಮೇಲೆ ನಿಲ್ಲುವ ಶಾಲೆಯ ಹುಡುಗರ ಹಿಂದೆ ನಾನೂ ನಿಂತೆ. ಆಚೆ ದಡ ತಲುಪಿ, ಮತ್ತೆ ಅದರಲ್ಲೇ ವಾಪಸ್ ಬಂದೆ. ಕೆಲಸವೇನೂ ಇರಲಿಲ್ಲ, ಮೆಟ್ಟಿಲುಗಳ ಕಿರುಗುಟ್ಟುವ ಸದ್ದು ಇನ್ನೊಮ್ಮೆ ಕೇಳಬೇಕಿತ್ತು, ಅಷ್ಟೆ.

ಬಂದರಿನ ಹತ್ತಿರ ಒಸಿಪ್ ಝಾಡ್ಕಿನ್ ಮಾಡಿದ ಕಂಚಿನ ಪ್ರತಿಮೆಯಿದೆ. ‘ನಾಶವಾದ ನಗರ’ ಅದರ ಹೆಸರು. 1953ರಿಂದ ಅಲ್ಲಿ ನಿಂತಿದೆ. ಎರಡೂ ಕೈ ಆಕಾಶಕ್ಕೆ ಎತ್ತಿದ ಮನುಷ್ಯ, ಎದೆ ಹೊಟ್ಟೆ ಇರಬೇಕಾದಲ್ಲಿ ದೊಡ್ಡದೊಂದು ತೂತು. ಅದರ ಮೂಲಕ ಹಿಂದಿನ ಆಕಾಶ ಕಾಣುತ್ತದೆ. ಮೆಚ್ಚಿದೆ, ನಿಜ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ.

ಸಂಜೆ ಸ್ಟೇಷನ್ನಿಗೆ ಹಿಂತಿರುಗುವಾಗ ಕಾಲಡಿ ಏನೋ ಕೆಂಪಗೆ ಬೆಳಗಿತು. ಫುಟ್‌ಪಾತಿನಲ್ಲಿ ಹುದುಗಿಸಿದ ದುಂಡನೆಯ ದೀಪ. ಅದರಲ್ಲಿ ಅದೇ ಪ್ರತಿಮೆಯ ನೆರಳು, ಸುತ್ತ ಜ್ವಾಲೆ. ಸ್ವಲ್ಪ ದೂರದಲ್ಲಿ ಇನ್ನೊಂದು. ಇದನ್ನು ‘ಬ್ರಾಂಡ್‌ಗ್ರೆನ್ಸ್’ ಎನ್ನುತ್ತಾರೆ, ಬೆಂಕಿಯ ಗಡಿ. 1940ರ ಬೆಂಕಿ ಎಲ್ಲಿಯವರೆಗೆ ಬಂದು ನಿಂತಿತೋ ಅಲ್ಲೆಲ್ಲ ಊರಿನ ಸುತ್ತ ಈ ಗುರುತುಗಳನ್ನಿಟ್ಟಿದ್ದಾರೆ. ತಲೆಯೆತ್ತಿ ನೋಡಿದರೆ ಗೆರೆಯ ಒಂದು ಬದಿಗೆ ಇಟ್ಟಿಗೆಯ ಹಳೆಯ ಮನೆಗಳು, ಇನ್ನೊಂದು ಬದಿಗೆ ಕಾಂಕ್ರೀಟು. ಅಷ್ಟು ಹೊತ್ತು ಸುತ್ತಿದರೂ ನನಗೆ ಅದು ಗೊತ್ತಾಗಿರಲಿಲ್ಲ.

ಗೆರೆಯ ಮೇಲೆ ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇಟ್ಟು ಸುಮ್ಮನೆ ನಿಂತೆ. ಅಮ್ಮ ಹುಟ್ಟಿದ ಊರು ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿಯುವ ಮೊದಲೇ ಗಾಡಿಗೆ ಸಾಮಾನು ಹೇರಿಕೊಂಡು ಹೊರಟ ನೆನಪು ಅವಳದ್ದು. ನೀರು ಎಲ್ಲಿಗೆ ಬಂದು ನಿಂತಿತು ಎಂದು ಅಲ್ಲಿ ಯಾರೂ ದೀಪ ಇಟ್ಟಿಲ್ಲ. ಲಾಂಚಿನಲ್ಲಿ ಸಿಗಂದೂರಿಗೆ ಹೋಗುವಾಗಲೆಲ್ಲ ಅವಳು ನೀರಿನತ್ತ ಬೆರಳು ತೋರಿಸಿ, ‘ಅಲ್ಲೆಲ್ಲೋ ನಮ್ಮನೆ’ ಎನ್ನುತ್ತಿದ್ದಳು. ಪ್ರತಿ ಸಲವೂ ಬೇರೆ ಬೇರೆ ದಿಕ್ಕಿಗೆ. ನಾವು ಮಕ್ಕಳು ನಗುತ್ತಿದ್ದೆವು.

ಕೆಂಪು ದೀಪದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ. ಕೆಳಗೆ, ಬೆಂಕಿ ಇಲ್ಲಿ ನಿಂತಿತ್ತಂತೆ, ಇದೇ ಇಲ್ಲಿನ ಹಳೇದು ಎಂದು ಬರೆದೆ. ನೀಲಿ ಗುರುತು ಬಿತ್ತು. ತುಂಬ ಹೊತ್ತು ಉತ್ತರವಿಲ್ಲ. ಊರಿನಲ್ಲಿ ಆಗಲೇ ರಾತ್ರಿ, ಮಲಗಿರಬೇಕು ಎಂದುಕೊಂಡು ರೈಲು ಹತ್ತಿದೆ.

ಸೀಟಿನಲ್ಲಿ ಕೂತ ಮೇಲೆ ಅವಳ ವಾಯ್ಸ್ ಮೆಸೇಜು ಬಂತು. ದೀಪದ ಬಗ್ಗೆ ಒಂದು ಮಾತೂ ಇಲ್ಲ. ‘ಈ ಸಲ ಹಿನ್ನೀರು ತುಂಬಾ ಇಳಿದಿದೆಯಂತೆ. ಮಡೆನೂರಿನ ಹಳೇ ಡ್ಯಾಮು ಪೂರ್ತಿ ಎದ್ದು ಕಾಣ್ತಿದೆಯಂತೆ. ನೀನು ಬಂದ ಮೇಲೆ ಮಳೆ ಹಿಡಿಯೋದ್ರೊಳಗೆ ಒಂದ್ಸಲ ಹೋಗಿ ಬರೋಣ.’