ಖೋಲಿ ಮಕ್ಕಳಿಗೆ, ಹಾಸಗಿ ಪಡಸಾಲಿಯೊಳಗ

ಮನಿ ಸಣ್ಣದಿದ್ರ ಖೋಲಿ ಯಾರಿಗೆ ಅನ್ನೋ ಮಾತು ಬಂದ ಬರತದ ನೋಡ್ರಿ. ನಮ್ಮ ಕಡೆ ಅದಕ್ಕೊಂದು ಕ್ರಮ ಅದ. ಮೊದಲು ದೇವರಿಗೆ, ಆಮ್ಯಾಲೆ ವಯಸ್ಸಾದವರಿಗೆ, ಆಮ್ಯಾಲೆ ಪರೀಕ್ಷಾಕ್ಕ ಓದೋ ಹುಡುಗರಿಗೆ. ಹಾಡೋ ಹುಡುಗರಿಗೆ ಅಂತ ಯಾರರ ಖೋಲಿ ಬಿಟ್ಟುಕೊಟ್ಟಿದ್ದು ನಾನಂತೂ ಕಂಡಿಲ್ಲ. ಅದಕ್ಕ, ಅಮೆರಿಕಾದ ಲಾಸ್ ಏಂಜಲಿಸ್ ಊರಿನ ಒಂದು ಮನಿ ಸುದ್ದಿ ಗೊತ್ತಾದಾಗಿಂದ ತಲಿಯೊಳಗ ಕೂತುಬಿಟ್ಟದ. ಆ ಊರಾಗ ಹೈಲ್ಯಾಂಡ್ ಪಾರ್ಕ್ ಅಂತ ಒಂದು ಭಾಗ. ಅಲ್ಲೊಂದು ಎರಡು ಮಲಗೋ ಖೋಲಿ ಇರೋ ಮನಿ. ಒಂದು ಖೋಲಿ ಮಗನಿಗೆ, ಒಂದು ಖೋಲಿ ಮಗಳಿಗೆ ಕೊಟ್ಟು, ಗಂಡ ಹೆಂಡತಿ ಇಬ್ಬರೂ ಪಡಸಾಲಿಯೊಳಗ ಹಾಸಗಿ ಹಾಕ್ಕೊಂಡು ಮಲಗತಿದ್ರು.

ಆ ಮಗಳ ಹೆಸರು ಬಿಲ್ಲಿ ಐಲಿಶ್. ಈಗಿನ ಹುಡುಗರಿಗೆ ಆಕೀ ಪರಿಚಯ ಮಾಡಿಕೊಡೋದು ಬ್ಯಾಡ. ನನ್ನಂಥ ವಯಸ್ಸಿನವರಿಗೆ ಹೇಳಬೇಕಂದ್ರ, ತನ್ನ ಹಾಡು ತಾನ ಬರದು ತಾನ ಹಾಡೋ ಹುಡುಗಿ. 2001ರ ಡಿಸೆಂಬರ್ 18ಕ್ಕ ಹುಟ್ಟಿದಾಕಿ. ಪೂರ್ತಿ ಹೆಸರು ಬಿಲ್ಲಿ ಐಲಿಶ್ ಪೈರೇಟ್ ಬೇರ್ಡ್ ಓ'ಕಾನೆಲ್. ಪೈರೇಟ್ ಅಂದ್ರ ಕಡಲಗಳ್ಳ! ಮಗಳಿಗೆ ಅಂಥಾ ಹೆಸರು ಇಡೋ ಮಂದಿ ಅಂದ್ರ ಉಳಿದದ್ದು ನೀವ ತಿಳಕೋರಿ. ಅವ್ವ ಮ್ಯಾಗಿ ಬೇರ್ಡ್, ಅಪ್ಪ ಪ್ಯಾಟ್ರಿಕ್ ಓ'ಕಾನೆಲ್. ಇಬ್ಬರೂ ನಟರು, ಆದ್ರ ದೊಡ್ಡ ಹೆಸರು ಮಾಡಿದವರಲ್ಲ. ಅಪ್ಪ ಬಡಗಿ ಕೆಲಸಾನೂ ಮಾಡ್ತಿದ್ದ. ಅಣ್ಣ ಫಿನಿಯಸ್, ಆಕೀಗಿಂತ ನಾಕು ವರ್ಷಕ್ಕ ದೊಡ್ಡಾಂವ.

ಆ ಇಬ್ಬರು ಮಕ್ಕಳನ್ನ ಅವರು ಸಾಲಿಗೆ ಕಳಸಲಿಲ್ಲ, ಮನಿಯೊಳಗ ಕಲಿಸಿದ್ರು. ಆ ಮನಿಯೊಳಗ ಒಂದು ನಿಯಮ ಇತ್ತು. ಹಾಡು ಬಾರಿಸೋದರಾಗ ಮುಳುಗಿದ್ರ ಮಕ್ಕಳನ್ನ ಯಾರೂ 'ಹೊತ್ತಾತು, ಮಲ್ಕೋರಿ' ಅಂತ ಎಬ್ಬಿಸಬಾರದು. ಇದನ್ನ ಓದಿದಾಗ ನಾನು ಲಟ್ಟಣಗಿ ಕೆಳಗಿಟ್ಟು ಮತ್ತೊಮ್ಮೆ ಓದಿದೆ. ಯಾಕಂದ್ರ ನಮ್ಮ ಮನಿಯೊಳಗ ಮಕ್ಕಳಿಗೆ ದಿನಾ ಎರಡು ಸಲ ಕೇಳೋ ಮಾತು ಅಂದ್ರ 'ಏಳ್ರಿ' ಮತ್ತ 'ಮಲ್ಕೋರಿ'. ಮಕ್ಕಳಿಗೂ ಮಲಗಲಾರದಕ್ಕ ಒಂದು ನೆಪ ಬೇಕಲ್ಲ. ಆ ಮನಿಯೊಳಗ ಹಾಡ ನೆಪ ಆತು. ಪಡಸಾಲಿಯೊಳಗ ಮಲಗಿದ ಅವ್ವ ಅಪ್ಪಗ ಎಷ್ಟು ರಾತ್ರಿ ನಿದ್ದಿ ಕೆಟ್ಟಿರಬೇಕು ಅಂತ ನನಗ ಅದ ವಿಚಾರ.

ಮ್ಯಾಗಿ ಮಕ್ಕಳಿಗೆ ಹಾಡು ಕಟ್ಟೋದು ಹೆಂಗ ಅಂತನೂ ಪಾಠ ಮಾಡಿದ್ಲು. ಟಿವಿಯೊಳಗರ ಸಿನಿಮಾದಾಗರ ಕಿವಿಗೆ ಬಿದ್ದ ಮಾತು ಬರಕೊಂಡು, ಅದರಿಂದ ಒಂದು ಹಾಡು ಕಟ್ಟಬೇಕು, ಅದು ಮನಿಗೆಲಸ. ಹನ್ನೊಂದು ವರ್ಷದ ಬಿಲ್ಲಿ, ಸತ್ತ ಹೆಣಗಳು ಎದ್ದು ತಿರಗೋ ಒಂದು ಧಾರಾವಾಹಿ ನೋಡಿ ತನ್ನ ಹಾಡು ಬರದ್ಲು. ನಮ್ಮಲ್ಲಾಗಿದ್ರ 'ಇಂಥಾದ್ದೆಲ್ಲಾ ಯಾಕ ಬರೀತಿ, ದೇವರ ಮ್ಯಾಲೆ ಒಂದು ಬರಿ' ಅಂತಿದ್ದರು. ಅಲ್ಲಿ ಅವ್ವ ಹಂಗ ಅನ್ನಲಿಲ್ಲ ಅನ್ನೋದ ದೊಡ್ಡದು. ಆರು ವರ್ಷಕ್ಕ ಯುಕುಲೇಲೆ ಅನ್ನೋ ಸಣ್ಣ ತಂತಿವಾದ್ಯ, ಎಂಟಕ್ಕ ಊರಿನ ಮಕ್ಕಳ ಗಾಯನ ಮೇಳ, ಅದರ ಜೋಡಿ ಡ್ಯಾನ್ಸು. ಖರೇ ಹೇಳಬೇಕಂದ್ರ ಆಕೀಗೆ ಜೀವ ಇದ್ದದ್ದು ಡ್ಯಾನ್ಸಿನ ಮ್ಯಾಲೆ.

ಡ್ಯಾನ್ಸಿನ ಮೇಷ್ಟ್ರೊಬ್ಬರು ಕುಣಿಯಾಕ ಒಂದು ಹಾಡು ಬೇಕು ಅಂದ್ರು. ಫಿನಿಯಸ್ ತನ್ನ ಬ್ಯಾಂಡಿಗೆ ಅಂತ ಬರದಿಟ್ಟ ಒಂದು ಹಾಡನ್ನ ತಂಗಿಗೆ ಕೊಟ್ಟ. ಅದು 'ಓಶನ್ ಐಸ್'. ಆಕಿ ಅಣ್ಣನ ಖೋಲಿಯೊಳಗ ಕೂತು ಹಾಡಿದ್ಲು. 2015ರ ನವೆಂಬರಿನಾಗ ಅದನ್ನ ಸೌಂಡ್‌ಕ್ಲೌಡ್‌ಗೆ ಹಾಕಿದ್ರು, ಮೇಷ್ಟ್ರು ಕೇಳಲಿ ಅಂತ ಅಷ್ಟ. ಆಗ ಆಕೀಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಮುಂಜಾನೆ ಎದ್ದು ನೋಡೋದರಾಗ ಗುರುತಿಲ್ಲದ ಮಂದಿ ಕೇಳಾಕ ಹತ್ತಿದ್ರು. ಅದ ಹೊತ್ತಿನಾಗ ಬೆಳೆಯೋ ವಯಸ್ಸಿನ ಎಲುಬಿಗೆ ಪೆಟ್ಟಾಗಿ, ಸೊಂಟದ ಹತ್ರ, ಡ್ಯಾನ್ಸ್ ಬಿಡಬೇಕಾತು. ಒಂದು ಬಾಗಲಾ ಹಾಕ್ಕೊಂಡಾಗ ಇನ್ನೊಂದು ತೆಗೀತು ಅಂತ ಬರಿಯೋದು ಭಾಳ ಸರಳ. ಆದ್ರ ಹದಿಮೂರು ವರ್ಷದ ಹುಡುಗಿಗೆ ಹಾಕ್ಕೊಂಡ ಬಾಗಲಾನೇ ದೊಡ್ಡದು ಕಾಣಸತದ. ಆ ದುಃಖ ಆಕಿ ಆಮ್ಯಾಲೂ ಹೇಳಿಕೊಂಡಾಳ.

2019ರ ಮಾರ್ಚ್ 29ಕ್ಕ ಆಕೀ ಮೊದಲ ಪೂರ್ಣ ಆಲ್ಬಮ್ ಬಂತು. ಅದನ್ನ ಮಾಡಿದ್ದು ದೊಡ್ಡ ಸ್ಟುಡಿಯೋದಾಗಲ್ಲ, ಹೆಚ್ಚುಕಡಿಮಿ ಎಲ್ಲಾ ಫಿನಿಯಸ್ ಮಲಗೋ ಖೋಲಿಯೊಳಗ. ಆಕಿ ಹಾಸಗಿ ಮ್ಯಾಲೆ ಕೂತು ಹಾಡೋದು, ಅಂವ ಮೇಜಿನ ಮುಂದ ಕೂತು ಹಿಡಿಯೋದು. ಆ ಆಲ್ಬಮ್ ಶುರು ಆಗೋದ ಹಲ್ಲು ನೆಟ್ಟಗ ಮಾಡೋ ಅಚ್ಚು ಬಾಯಿಂದ ತೆಗೆಯೋ ಸದ್ದಿನಿಂದ. ಇನ್ನೊಂದು ಹಾಡಿನಾಗ ಹಲ್ಲಿನ ಡಾಕ್ಟರ ಯಂತ್ರದ ಸದ್ದು. ಮತ್ತೊಂದರಾಗ ಆಸ್ಟ್ರೇಲಿಯಾದಾಗ ಮಂದಿ ರಸ್ತೆ ದಾಟೋ ಸಿಗ್ನಲ್ ಕಂಬದ ಟಿಕ್‌ಟಿಕ್. ಇದನ್ನೆಲ್ಲಾ ಕೇಳಿ ಮಂದಿ ಹೊಸದು ಅಂದ್ರು. ನನಗ ನಮ್ಮ ಅಜ್ಜಿ ಬೀಸೋಕಲ್ಲಿನ ಸದ್ದಿಗೆ ಹಾಡು ಕೂಡಿಸ್ತಿದ್ದದ್ದು ನೆನಪಾತು. ಮನಿ ಸದ್ದಿನಾಗ ತಾಳ ಇರತದ, ಕೇಳೋ ಕಿವಿ ಬೇಕು ಅಷ್ಟ.

ಅದರಾಗಿನ 'ಬ್ಯಾಡ್ ಗೈ' ಆ ವರ್ಷ ಆಗಸ್ಟಿನಾಗ ಅಮೆರಿಕಾದ ಬಿಲ್‌ಬೋರ್ಡ್ ಪಟ್ಟಿಯೊಳಗ ಮೊದಲನೇ ಸ್ಥಾನಕ್ಕ ಹೋತು. 2020ರ ಜನವರಿ 26ಕ್ಕ ಗ್ರ್ಯಾಮಿ ಪ್ರಶಸ್ತಿ. ಒಂದ ರಾತ್ರಿ ಐದು! ವರ್ಷದ ಆಲ್ಬಮ್, ವರ್ಷದ ರೆಕಾರ್ಡ್, ವರ್ಷದ ಹಾಡು, ಹೊಸ ಕಲಾವಿದೆ, ಈ ನಾಕು ದೊಡ್ಡವನ್ನ ಒಂದ ರಾತ್ರಿ ಗೆದ್ದ ಮೊದಲ ಹೆಣ್ಣುಮಗಳು ಆಕಿ. ಅದಕ್ಕ ಮೊದಲು 1981ರಾಗ ಕ್ರಿಸ್ಟೋಫರ್ ಕ್ರಾಸ್ ಅನ್ನಾಂವ ಒಬ್ಬಾಂವ ಹಂಗ ಗೆದ್ದಿದ್ದ. ಆಕೀಗೆ ಆಗ 18 ವರ್ಷ. ಅಣ್ಣ ವೇದಿಕಿ ಮ್ಯಾಲೆ ನಿಂತು, ಈ ಪ್ರಶಸ್ತಿ ಮಲಗೋ ಖೋಲಿಯೊಳಗ ಕೂತು ಹಾಡು ಮಾಡೋ ಎಲ್ಲಾ ಹುಡುಗರಿಗೂ ಸೇರಿದ್ದು ಅಂದ.

ಇಷ್ಟೆಲ್ಲಾ ನನಗ ತಿಳಿಸಿದಾಕಿ ನನ್ನ ತಂಗಿ ಮಗಳು. ಪಿಯುಸಿ ಓದಾಕ ಅಂತ ನಮ್ಮ ಮನಿಯೊಳಗ ಇದ್ದಾಳ, ಹದಿನಾರು ತುಂಬ್ಯಾವ. ಆಕೀನೂ ನೋಟ್‌ಬುಕ್ಕಿನ ಹಿಂದಿನ ಹಾಳ್ಯಾಗ ಹಾಡು ಬರೀತಾಳ. ಆಕಿ ಹಾಡೋದು ನೀವು ಬಾಗಲಕ್ಕ ಕಿವಿ ಕೊಟ್ರೂ ಕೇಳಂಗಿಲ್ಲ. ಬಿಲ್ಲಿ ಐಲಿಶ್‌ನ ದನಿ ಕೇಳಿದವರಿಗೆ ಗೊತ್ತದ, ಆಕೀನೂ ಗಟ್ಟಿ ಹಾಡಾಕಿ ಅಲ್ಲ, ಮೈಕಿನ ಹತ್ರ ಬಂದು ಕಿವಿಯೊಳಗ ಪಿಸುಗುಟ್ಟಿದಂಗ ಹಾಡತಾಳ. ಆದ್ರ ಆಕಿ ಪಿಸುಗುಟ್ಟೋದು ಹಂಗ ಬೇಕು ಅಂತ. ನಮ್ಮ ಹುಡುಗಿ ಪಿಸುಗುಟ್ಟೋದು ಯಾರರ ಕೇಳ್ಯಾರು ಅಂತ. ರಾತ್ರಿ ಫೋನಿನಾಗ ಆಕೀ ಅವ್ವ ಕೇಳೋದು ಟೆಸ್ಟಿನ ಮಾರ್ಕ್ಸ್ ಒಂದ. ನನ್ನ ತಂಗಿನ್ನ ನಾನು ಬೈಯಂಗಿಲ್ಲ. ಸಾಲ ಮಾಡಿ ಫೀ ತುಂಬ್ಯಾಳ, ಆಕೀ ಹೆದರಿಕಿ ಆಕೀಗೆ.

ಆಕಿ ಹೆದರೋದಕ್ಕ ಇನ್ನೊಂದು ಕಾರಣಾನೂ ಅದ, ಅದನ್ನ ಮುಚ್ಚಿಟ್ಟು ಬರಿಯೋದು ಸರಿ ಅಲ್ಲ. ಹೆಸರು ಅನ್ನೋದು ಹುಡುಗೀರಿಗೆ ಭಾಳ ಸುಂಕ ಕೇಳತದ. ಬಿಲ್ಲಿ ಮೊದಮೊದಲು ಎರಡು ಮೂರು ಮಂದಿ ಹಿಡಿಸೋವಂಥಾ ದೊಗಳೆ ಅಂಗಿ ಹಾಕ್ಕೊಂಡು ಬರತಿದ್ಲು. ಫ್ಯಾಷನ್ ಅಂದ್ರು ಮಂದಿ. ಆಕಿ 2019ರಾಗ ಹೇಳಿದ್ದು ಬ್ಯಾರೆ: ನನ್ನ ಮೈ ಹೆಂಗದ ಅಂತ ಕಂಡ್ರ ಅಲ್ಲ ಮಾತಾಡೋದು, ಕಾಣೋದ ಬ್ಯಾಡ ಅಂತ. ಮರು ವರ್ಷ ಇದನ್ನ ಒಂದು ಕಿರುಚಿತ್ರ ಮಾಡಿ ನೆಟ್ಟಗ ಕೇಳಿದ್ಲು, ನನ್ನ ಮೈ ಬಗ್ಗೆ ನಿಮಗ ಅನಸೋದಕ್ಕ ನಾನ್ಯಾಕ ಜವಾಬ್ದಾರಿ ಅಂತ. ಸಣ್ಣಾಕಿ ಇದ್ದಾಗಿಂದ ಟುರೆಟ್ ಅನ್ನೋ ತೊಂದರಿ ಅದ, ಮಾರಿ, ಕಣ್ಣು ತಾವ ಎಳದಂಗ ಆಗತಾವ. ಅದನ್ನೂ ಮಂದಿ ವಿಡಿಯೋ ಮಾಡಿ ನಗಾಕ ಹತ್ತಿದಾಗ 2018ರಾಗ ಆಕೀನ ಹೊರಗ ಹೇಳಿದ್ಲು. ಹದಿನಾರು ಹದಿನೇಳರಾಗ ಮನಸ್ಸು ಪೂರಾ ಕುಸಿದಿತ್ತು ಅಂತ ಆಕೀನ ಬಾಯಿಬಿಟ್ಟು ಹೇಳ್ಯಾಳ.

2021ರಾಗ ಆರ್.ಜೆ. ಕಟ್ಲರ್ ಆಕೀ ಮ್ಯಾಲೆ ಒಂದು ಸಾಕ್ಷ್ಯಚಿತ್ರ ಮಾಡಿದ. ಅದನ್ನ ನಾವಿಬ್ಬರೂ ಕೂತು ನೋಡಿದ್ವಿ. ಹುಡುಗಿ ವೇದಿಕಿ ನೋಡಿದ್ಲು, ನಾನು ಅವ್ವನ್ನ ನೋಡಿದೆ. ಮಗಳು ಊರೂರು ತಿರಗುವಾಗ ಮ್ಯಾಗಿ ಬಾಜೂಕ ಇದ್ದಾಳ. ಕಾಲು ನೋಯ್ತದ ಅಂದಾಗ, ಅಳುವಾಗ, ಸಿಟ್ಟಿಗೆ ಬಂದಾಗ ಮಗಳಿಗೆ ತಿರುಗಿ ನೋಡಾಕ ಒಂದು ಮಾರಿ ಅದ. ಖೋಲಿ ಕೊಟ್ಟು ಕೈ ತೊಳಕೊಂಡವರಲ್ಲ ಅವರು. ಬಾಗಲಾ ತೆಗೆದು ಹೊರಗ ಕಳಸೋದು ಅಂದ್ರ ಹಿಂದ ತಾವೂ ಹೊರಡೋದು. ಇದು ನಿದ್ದಿ ಕೆಡೋದಕ್ಕಿಂತ ದೊಡ್ಡ ಕೆಲಸ.

ಮುಂದ ಬಾಂಡ್ ಸಿನಿಮಾಕ್ಕ 'ನೋ ಟೈಮ್ ಟು ಡೈ' ಅನ್ನೋ ಹಾಡು ಮಾಡಿದ್ರು ಅಣ್ಣ ತಂಗಿ. ಅದೂ ಪ್ರವಾಸದ ಬಸ್ಸಿನಾಗ ಹುಟ್ಟಿದ್ದು. 2022ರಾಗ ಅದಕ್ಕ ಆಸ್ಕರ್ ಬಂತು. 'ಬಾರ್ಬಿ' ಸಿನಿಮಾದ ಹಾಡಿಗೆ 2024ರ ಮಾರ್ಚಿನಾಗ ಇನ್ನೊಂದು. 22 ವರ್ಷಕ್ಕ ಎರಡು ಆಸ್ಕರ್, ಅಷ್ಟು ಸಣ್ಣ ವಯಸ್ಸಿಗೆ ಯಾರೂ ಎರಡು ಗೆದ್ದಿರಲಿಲ್ಲ. ಅವ್ವ ಮ್ಯಾಗಿ ಸುಮ್ಮಕ ಕೂತಿಲ್ಲ ಮತ್ತ. 2020ರಾಗ, ಕೊರೊನಾ ಕಾಲಕ್ಕ, ಹಸಿದವರಿಗೆ ಕಾಯಿಪಲ್ಲೆ ಕಾಳುಕಡಿ ಊಟ ಮುಟ್ಟಿಸೋ ಒಂದು ಸಂಸ್ಥೆ ಶುರು ಮಾಡಿದ್ಲು. ಬಿಲ್ಲಿ ಹಾಲು ತುಪ್ಪಾನೂ ಮುಟ್ಟಂಗಿಲ್ಲಂತ. ತುಪ್ಪ ಇಲ್ಲದ ಹೋಳಿಗಿ ನೆನಸಿಕೊಂಡು ನನಗ ಅಯ್ಯೋ ಅನಿಸಿತು, ಅದು ಬ್ಯಾರೆ ಮಾತು.

ಎಲ್ಲಾ ಮಕ್ಕಳಿಗೂ ಗ್ರ್ಯಾಮಿ ಬರಂಗಿಲ್ಲ. ಅದು ಸಿನಿಮಾ, ಸಂಗೀತದ ಮಂದಿ ತುಂಬಿದ ಊರು, ಅವ್ವ ಅಪ್ಪ ಕಲಾ ಗೊತ್ತಿದ್ದವರು, ಅಣ್ಣನೂ ಅಷ್ಟ ಜಾಣ. ಅದೆಲ್ಲಾ ಕೂಡಿ ಬಂತು. ಆದ್ರ ಅವ್ವ ಅಪ್ಪ ಪಡಸಾಲಿಗೆ ಹಾಸಗಿ ತಂದಾಗ ಇದ್ಯಾವುದೂ ಇರಲಿಲ್ಲ ನೋಡ್ರಿ. ಮುಂದ ಪ್ರಶಸ್ತಿ ಬರತದ ಅಂತ ಯಾರೂ ಬರದು ಕೊಟ್ಟಿರಲಿಲ್ಲ. ಮಕ್ಕಳು ಹಾಡತಾರ, ಹಾಡಲಿ ಅಂತ ಕೊಟ್ರು. ಹಾಡು ಅಲ್ಲಿಗೇ ನಿಂತಿದ್ರೂ ಆ ಖೋಲಿ ಹಾಳಾಗತಿರಲಿಲ್ಲ. ಗಟ್ಟಿಯಾಗಿ ಹಾಡಿ ಬೆಳೆದ ಇಬ್ಬರು ಮಕ್ಕಳು ಉಳೀತಿದ್ರು.

ನಮ್ಮ ಮನಿಯೊಳಗ ಮ್ಯಾಲಿನ ಖೋಲಿ ಒಂದದ, ಜ್ವಾಳದ ಚೀಲ, ಹಪ್ಪಳದ ಡಬ್ಬಿ, ಯಾರೂ ಕೂಡದ ಒಂದು ಕುರ್ಚಿ ಇಟ್ಟೇವಿ. ಅದನ್ನ ಹುಡುಗಿಗೆ ಬಿಡೋದು ಅಂತ ನಾನು ಹೇಳೇನಿ. ಸಂಜೀಕ ಏಳರಿಂದ ಒಂಬತ್ತು ಓದು, ಒಂಬತ್ತರಿಂದ ಹತ್ತು ಆಕೀ ಹಾಡು, ಬಾಗಲಾ ಹಾಕ್ಕೊಂಡರ ಹಾಡಲಿ, ತಕ್ಕೊಂಡರ ಹಾಡಲಿ. ಯಜಮಾನರು 'ಪರೀಕ್ಷಾ ಮುಗೀಲಿ' ಅಂದ್ರು. ಮುಗಿದ ಮ್ಯಾಲೆ ಇನ್ನೊಂದು ಪರೀಕ್ಷಾ ಇರತದ ಅಂದೆ. ತಂಗಿಗೆ ಫೋನ್ ಮಾಡಿ ನಾನ ಹೇಳಿದೆ. ಸ್ವಲ್ಪ ಹೊತ್ತು ಆ ಕಡಿಂದ ದನಿ ಬರಲಿಲ್ಲ. ಆಮ್ಯಾಲೆ 'ಏನ್ ಹಾಡತಾಳಕ್ಕಾ ಆಕಿ?' ಅಂತ ಕೇಳಿದ್ಲು. ಮಾರ್ಕ್ಸ್ ಬಿಟ್ಟು ಬ್ಯಾರೆ ಕೇಳಿದ್ದು ಈ ವರ್ಷದಾಗ ಅದ ಮೊದಲು. ಇನ್ನ ಜ್ವಾಳದ ಚೀಲ ಎಲ್ಲಿಡೋದು ಅನ್ನೋದೊಂದು ಉಳದದ. ಇಲಿ ಬರಲಾರದ ಜಾಗಾ ಗೊತ್ತಿದ್ರ ಹೇಳ್ರಿ.